ಮುಂಬಾಗಿಲಷ್ಟೇ ಇದ್ದ ಬಂಗಲೆ

ನಮ್ಮ ಭಾವ ಆರ್ಲೋ ಟಿಬೆಟ್ಸ್‌ನನ್ನು ಮೊದಲ ಸಲ ನೋಡಿದವರೆಲ್ಲ, ಇವನು ಯಾವುದೋ ಬ್ಯಾಂಕಿನ ಯಜಮಾನ ಇರಬೇಕು ಅಂದುಕೊಳ್ಳುತ್ತಿದ್ದರು. ಅಂಥ ಹೊಟ್ಟೆ, ಅಂಥ ಮೀಸೆ, ಅಂಥ ಕೆಮ್ಮು. ಅವನು ಒಂದು ಸಲ ಗಂಟಲು ಸರಿಮಾಡಿಕೊಂಡರೆ ಸಾಕು, ಹೋಟೆಲಿನ ಮಾಣಿಗಳು ಬೇರೆಯವರ ತಟ್ಟೆ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ಬಂದವರಿಗೆ ಭಾವ ಒಂದು ಲೋಟ ನೀರು ತರಲು ಹೇಳುತ್ತಿದ್ದ. ಯಾಕೆಂದರೆ ನೀರಿಗೆ ದುಡ್ಡು ಕೊಡಬೇಕಿಲ್ಲ.

ಅಸಲಿಗೆ ಅವನು ಒಹಾಯೋದ ವಿಲೋಬ್ರೂಕ್ ಅನ್ನುವ ಸಣ್ಣ ಊರಿನಲ್ಲಿ ಪ್ಯಾಂಟು ಜಾರದಂತೆ ಹೆಗಲಿಗೆ ಹಾಕುವ ಪಟ್ಟಿಗಳನ್ನು ಮಾರುತ್ತಿದ್ದ. ಅದೂ ಬೇರೆಯವರ ಅಂಗಡಿಯಲ್ಲಿ. ಆದರೆ ಅವನ ನಂಬಿಕೆಯೇ ಬೇರೆ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಎದೆ ಉಬ್ಬಿಸಿ, ಗಲ್ಲ ಎತ್ತಿ, "ಸಾಹುಕಾರಿಕೆ ಮೊದಲು ಬೆನ್ನಿಗೆ ಬರುತ್ತೆ ಕ್ಲೆಮ್, ಆಮೇಲೆ ಜೇಬಿಗೆ" ಅಂತ ನನಗೆ ಪಾಠ ಹೇಳುತ್ತಿದ್ದ.

"ಹತ್ತು ವರ್ಷದಿಂದ ಬೆನ್ನಲ್ಲೇ ಕೂತಿದೆ, ಇಳೀತಾನೇ ಇಲ್ಲ" ಅನ್ನುತ್ತಿದ್ದಳು ನಮ್ಮಕ್ಕ ಮಿನರ್ವಾ, ಒಲೆಗೆ ಕಲ್ಲಿದ್ದಲು ತುಂಬುತ್ತಾ.

ನಾನು, ಭಾವ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಹಾಗಾಗಿ ನಮ್ಮಲ್ಲಿ ಸಲಿಗೆ ಜಾಸ್ತಿ. ಅದೇ ಊರಲ್ಲಿ ನನ್ನದೊಂದು ಫೋಟೋ ಅಂಗಡಿ ಇತ್ತು. ಗಿರಾಕಿಗಳು ಕಮ್ಮಿ. ನಾನು ಚಿತ್ರ ತೆಗೆದರೆ ಹೆಣ್ಣು ನೋಡಲು ಬಂದವರೂ ಹೆಣ ನೋಡಲು ಬಂದವರ ಹಾಗೆ ಕಾಣುತ್ತಾರೆ ಅಂತ ಊರಲ್ಲಿ ಸುದ್ದಿ ಹಬ್ಬಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ.

ಸಾವಿರದ ಒಂಬೈನೂರ ಇಪ್ಪತ್ತೈದರಲ್ಲಿ ಇಡೀ ಒಹಾಯೋಗೆ ಫ್ಲಾರಿಡಾ ಹುಚ್ಚು ಹಿಡಿಯಿತು. ಅಲ್ಲಿ ಬೆಳಿಗ್ಗೆ ಜಾಗ ಕೊಂಡು, ಮಧ್ಯಾಹ್ನದ ಊಟಕ್ಕೆ ಮುಂಚೆ ಮಾರಿ, ಸಂಜೆಗೆ ಮೋಟಾರು ದೋಣಿ ಕೊಂಡವರ ಕತೆಗಳು ಕ್ಷೌರದಂಗಡಿಯಲ್ಲಿ ದಿನಕ್ಕೊಂದು ಹುಟ್ಟುತ್ತಿದ್ದವು. ದೋಣಿ ಕೊಂಡವನನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಅವನ ಷಡ್ಡಕನನ್ನು ಕಂಡವರು ಮಾತ್ರ ಎಲ್ಲ ಕಡೆ ಇದ್ದರು. ಭಾವನಿಗೆ ನಿದ್ದೆ ಹತ್ತದಾಯಿತು. ಕೊನೆಗೆ ಅವನ ಹಳೆಯ ಫೋರ್ಡ್ ಕಾರಿನಲ್ಲಿ ಒಂದು ಡೇರೆ, ಒಂದು ರಾಶಿ ಹುರುಳಿಕಾಯಿ ಡಬ್ಬಿ, ನನ್ನ ಕ್ಯಾಮರಾ ತುಂಬಿಕೊಂಡು ಮೂವರೂ ದಕ್ಷಿಣಕ್ಕೆ ಹೊರಟೆವು.

ಫ್ಲಾರಿಡಾ ಸೇರಿದ ಮೇಲೆ ಅದೃಷ್ಟ ಒಂದು ಕಿತ್ತಳೆ ಅಂಗಡಿಯ ಮುಂದೆ ತಿರುಗಿತು. ಭಾವ ಒಂದೊಂದೇ ಹಣ್ಣು ಹಿಸುಕಿ, ಮೂಸಿ, ವಾಪಸು ಇಟ್ಟು, "ಇದು ನನ್ನ ಮಟ್ಟದ ಕಿತ್ತಳೆ ಅಲ್ಲ" ಅಂತ ಗಟ್ಟಿಯಾಗಿ ಕೆಮ್ಮಿದ. ಅಂಗಡಿಯವನು ಹೆದರಿ ಕ್ಷಮೆ ಕೇಳಿದ. ಪಕ್ಕದಲ್ಲಿ ಬಿಳಿ ಸೂಟು ತೊಟ್ಟಿದ್ದ ಒಬ್ಬ ದೊಡ್ಡ ಮನುಷ್ಯ ನಾಟಕ ನೋಡಿದವನ ಹಾಗೆ ಚಪ್ಪಾಳೆ ತಟ್ಟಿದ.

"ಸಾರ್, ತಮ್ಮದು ಯಾವ ಕಂಪನಿ?"

"ಸದ್ಯಕ್ಕೆ ಯಾವುದೂ ಇಲ್ಲ" ಅಂದ ಭಾವ, ಎಲ್ಲ ಕಂಪನಿಗಳನ್ನೂ ಮಾರಿ ಬಂದವನ ಗತ್ತಿನಲ್ಲಿ.

"ಜೇಬಲ್ಲಿ ಏನಾದರೂ?"

"ಅದೂ ಸದ್ಯಕ್ಕೆ…"

"ಭೇಷ್! ನನಗೆ ನಿಮ್ಮಂಥೋರೇ ಬೇಕು!"

ಆ ಮನುಷ್ಯನೇ ಕರ್ನಲ್ ಬ್ರಾಕ್‌ವೆಲ್. ಯಾವ ಸೈನ್ಯದ ಕರ್ನಲ್ಲೋ ನಮಗೆ ಕೊನೆವರೆಗೂ ಗೊತ್ತಾಗಲಿಲ್ಲ. ಅವನು ಸಮುದ್ರದ ಹತ್ತಿರದ ಒಂದು ದೊಡ್ಡ ಜೌಗು ಜಾಗಕ್ಕೆ ಪೋರ್ಟೋ ಬೆಲ್ಲಿಸಿಮಾ ಅಂತ ಹೆಸರಿಟ್ಟು ತುಂಡು ತುಂಡಾಗಿ ಮಾರುತ್ತಿದ್ದ. ಉತ್ತರದಿಂದ ಬಸ್ಸುಗಳಲ್ಲಿ ಜನರನ್ನು ಕರೆಸಿ, ಹಂದಿ ಮಾಂಸ, ಆಲೂಗೆಡ್ಡೆಯ ಪುಕ್ಕಟೆ ಊಟ ಹಾಕಿ, ಊಟದ ಮಂಪರಿನಲ್ಲೇ ಸಹಿ ಹಾಕಿಸಿಕೊಳ್ಳುವುದು ಅವನ ಪದ್ಧತಿ. ಬಂದವರು ನಂಬಬೇಕಾದರೆ ಅಲ್ಲಿ ಆಗಲೇ ಒಬ್ಬ ಸಾಹುಕಾರ ಮನೆ ಕಟ್ಟಿಸಿಕೊಂಡು ವಾಸವಾಗಿರಬೇಕಲ್ಲ? ಆ ಸಾಹುಕಾರನ ಕೆಲಸ ಖಾಲಿ ಇತ್ತು.

"ನೀವು ಏನೂ ಮಾಡೋ ಹಾಗಿಲ್ಲ" ಅಂದ ಕರ್ನಲ್. "ವರಾಂಡದಲ್ಲಿ ಕೂತಿರಬೇಕು. ಪೇಪರ್ ಓದಬೇಕು. ಬಸ್ ಬಂದಾಗ ಕೈ ಬೀಸಬೇಕು. ಇವತ್ತಿಂದ ನೀವು ಪಿಟ್ಸ್‌ಬರ್ಗಿನ ಉಕ್ಕಿನ ದೊರೆ ವ್ಯಾಂಡರ್‌ಸ್ಲೂಟ್."

ಭಾವನ ಕಣ್ಣಲ್ಲಿ ನೀರು ಬಂತು. "ಮಿನರ್ವಾ, ನಾನು ಹುಟ್ಟಿದ್ದೇ ಈ ಕೆಲಸಕ್ಕೆ" ಅಂದ.

ಆ ಬಂಗಲೆಯನ್ನು ರಸ್ತೆಯಿಂದ ನೋಡಿದರೆ ಯಾರಿಗಾದರೂ ಉಸಿರು ನಿಲ್ಲಬೇಕು. ಗುಲಾಬಿ ಬಣ್ಣದ ಗೋಡೆ, ಎರಡು ಗೋಪುರ, ಕಬ್ಬಿಣದ ಬಳ್ಳಿ ಕೆಲಸದ ಬಾಲ್ಕನಿ, ಅಮೃತಶಿಲೆಯ ಹಾಗೆ ಬಣ್ಣ ಬಳಿದ ಮರದ ಕಂಬಗಳು, ಆನೆ ಹೋಗುವಷ್ಟು ದೊಡ್ಡ ಮುಂಬಾಗಿಲು. ಬಾಗಿಲು ತೆರೆದರೆ ಕೆಸರು. ಮನೆ ಅಂದರೆ ಆ ಒಂದು ಗೋಡೆಯಷ್ಟೇ. ಹಿಂದುಗಡೆ ಅದನ್ನು ಒರಗಿಸಿ ನಿಲ್ಲಿಸಿದ್ದ ಮರದ ಊರುಗೋಲುಗಳು, ಅವುಗಳ ನಡುವೆ ಎತ್ತರದ ಜಾಗದಲ್ಲಿ ನಮ್ಮ ಡೇರೆ, ಅಕ್ಕನ ಒಲೆ, ಬಟ್ಟೆ ಒಣಗಿಸುವ ಹಗ್ಗ. ಬಾಗಿಲಿನಿಂದ ಡೇರೆಗೆ ಹೋಗಲು ಒಂದು ಕಿರಿದಾದ ಹಲಗೆ.

ಭಾವ ದೊರೆಯಾದ, ಅಕ್ಕ ದೊರೆಸಾನಿಯಾದಳು, ನಾನು ಬಟ್ಲರ್ ಆದೆ. ವರಾಂಡದ ಮೂಲೆಯಲ್ಲಿ ಒಳಗೆ ತಂತಿಯೇ ಇಲ್ಲದ ಒಂದು ಪಿಯಾನೋ ಇತ್ತು. ಬಸ್ಸು ಕಂಡ ಕೂಡಲೇ ನಾನು ಗೋಡೆ ಹಿಂದೆ ಗ್ರಾಮಫೋನಿಗೆ ಕೀಲಿ ಕೊಡುತ್ತಿದ್ದೆ, ಅಕ್ಕ ಮೂಕ ಪಿಯಾನೋ ಮೇಲೆ ಬೆರಳಾಡಿಸುತ್ತಿದ್ದಳು. ಆಮೇಲೆ ನಿಂಬೆ ಶರಬತ್ತು ಹಿಡಿದು ನಾನು ಗಂಭೀರವಾಗಿ ಹೊರಗೆ ಬರಬೇಕು. ತೊಂದರೆ ಇದ್ದದ್ದು ಸೊಳ್ಳೆಗಳದ್ದು. ಪೋರ್ಟೋ ಬೆಲ್ಲಿಸಿಮಾದಲ್ಲಿ ಸೊಳ್ಳೆಗಳೇ ಇಲ್ಲ ಅಂತ ಕರ್ನಲ್ ಜಾಹೀರಾತು ಕೊಟ್ಟಿದ್ದರಿಂದ ದೊರೆ ತನ್ನ ಕೈಯಾರೆ ಸೊಳ್ಳೆ ಹೊಡೆದುಕೊಳ್ಳುವ ಹಾಗಿರಲಿಲ್ಲ. ನಾನು ಹಿಂದೆ ನಿಂತು, "ಕ್ಷಮಿಸಿ ದೊರೆ, ಕಾಲರ್ ಮೇಲೆ ಧೂಳು" ಅಂತ ಅವನ ಕತ್ತಿಗೆ ಪಟ್ ಅಂತ ಬಾರಿಸಬೇಕಿತ್ತು. ಎಷ್ಟೋ ಸಲ ಸೊಳ್ಳೆ ಇಲ್ಲದಿದ್ದರೂ ಬಾರಿಸಿದ್ದುಂಟು.

ಕೈ ಬೀಸುವುದರಲ್ಲೇ ಭಾವ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಅವನು ಭಾಷಣ ಶುರುಮಾಡಿದ. "ಮಿತ್ರರೇ, ನಾನೂ ಒಂದು ದಿನ ನಿಮ್ಮ ಹಾಗೇ ಬಸ್ಸಿಂದ ಇಳಿದವನು! ಜಾಗ ನೋಡಿದೆ, ಕಣ್ಣು ಮುಚ್ಚಿ ಕೊಂಡೆ! ಇವತ್ತು?" ಅಂತ ಗೋಪುರದ ಕಡೆ ಕೈ ತೋರಿಸುತ್ತಿದ್ದ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಕರ್ನಲ್‌ಗೆ ಖುಷಿಯೋ ಖುಷಿ. ಬರುಬರುತ್ತ ಡೇರೆಗೆ ಬಂದ ಮೇಲೂ ಭಾವ ಸೂಟು ಬಿಚ್ಚದಾದ.

"ಬಕೆಟ್ ತಗೊಂಡು ಹೋಗಿ ನೀರು ತಾ, ಆರ್ಲೋ" ಅಂದಳು ಅಕ್ಕ ಒಂದು ಸಂಜೆ.

"ನೀರು ತರೋಕೆ ಆಳಿದಾನಲ್ಲ."

"ಯಾರೋ ಆಳು?" ಅಂದೆ ನಾನು.

"ಧ್ವನಿ ಏರಿಸಬೇಡ ಕ್ಲೆಮ್. ಇನ್ನೊಬ್ಬ ಬಟ್ಲರ್ ನೋಡಬೇಕಾಗುತ್ತೆ."

ಅಕ್ಕ ಬಕೆಟನ್ನು ಅವನ ತಲೆಗೆ ಟೋಪಿಯಂತೆ ಮಗುಚಿ ಹಾಕಿದಳು. ಬಕೆಟ್ಟಿನ ಒಳಗಿಂದಲೂ ಅವನು ಕೆಮ್ಮಿದ. ಒಳ್ಳೆ ದೇವಾಲಯದ ಗಂಟೆಯ ಹಾಗೆ ಕೇಳಿಸಿತು.

ಒಂದು ಭಾನುವಾರ ಅವನು ಡೇರೆಗೆ ಕುಣಿಯುತ್ತಾ ಬಂದ. "ಮಿನರ್ವಾ, ಇವತ್ತಿಂದ ನಾವು ಜಮೀನಿನ ಒಡೆಯರು. ಒಂದು ಜಾಗ ಕೊಂಡುಬಿಟ್ಟೆ! ಕೊಳಕ್ಕೆ ಮುಖ ಮಾಡಿರೋ ಜಾಗ!"

ಅಕ್ಕನ ಕೈಲಿದ್ದ ಸೌಟು ನಿಂತಿತು. "ಎಲ್ಲಿ?"

"ಇಲ್ಲೇ. ಪೋರ್ಟೋ ಬೆಲ್ಲಿಸಿಮಾದಲ್ಲಿ."

"ಏನು ಕೊಟ್ಟೆ?"

"ಕಾರು."

ಅಕ್ಕ ಕೆಳಗೆ ಕೂತಳು. "ಆರ್ಲೋ, ಈ ಜಾಗದ ವಿಷಯ ದಿನಾ ಸುಳ್ಳು ಹೇಳ್ತಿರೋನು ಯಾರು?"

"ನಾನೇ. ಆದರೆ ಇವತ್ತು ಹೇಳ್ತಾ ಹೇಳ್ತಾ ನನಗೇ ಅನಿಸಿಬಿಡ್ತು, ಮಿನರ್ವಾ. ಆ ಜನ ಎಲ್ಲ ತಲೆ ಆಡಿಸ್ತಿದ್ರು. ಅಷ್ಟು ಜನ ತಲೆ ಆಡಿಸಿದ ಮೇಲೆ ಅದರಲ್ಲಿ ಏನೂ ಇಲ್ಲದೆ ಇರುತ್ತಾ? ಆ ವ್ಯಾಂಡರ್‌ಸ್ಲೂಟ್ ಎಷ್ಟು ಚೆನ್ನಾಗಿ ಮಾತಾಡ್ತಾನೆ ಗೊತ್ತಾ!"

ಮರುದಿನ ನಮ್ಮ ಜಾಗ ನೋಡಲು ಹೋದೆವು. ಕರ್ನಲ್‌ನ ಆಳು ನಮ್ಮನ್ನು ದೋಣಿಯಲ್ಲಿ ಕೂರಿಸಿದಾಗಲೇ ನನಗೆ ಅನುಮಾನ ಬಂತು. ಸುಮಾರು ದೂರ ಹೋದ ಮೇಲೆ ಅವನು ಹುಟ್ಟನ್ನು ನೀರಿಗೆ ನೆಟ್ಟ. ಹುಟ್ಟು ಪೂರ್ತಿ ಮುಳುಗಿತು. "ಇಲ್ಲಿಂದ ಶುರು ಸಾರ್. ಇದು ನಿಮ್ಮ ಊಟದ ಮನೆ" ಅಂದ. ಆಗ ಊಟದ ಮನೆಯಿಂದ ಒಂದು ಮೊಸಳೆ ತಲೆ ಎತ್ತಿ ನಮ್ಮನ್ನು ನೋಡಿ ಮತ್ತೆ ಮುಳುಗಿತು.

"ಬಾಡಿಗೆಯವರು ಆಗಲೇ ಬಂದಿದಾರೆ" ಅಂದಳು ಅಕ್ಕ. ಆಮೇಲೆ ಒಂದು ವಾರ ಅವಳು ಭಾವನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ನನ್ನ ಮೂಲಕ ಹೇಳಿಸಿದಳು. "ಕ್ಲೆಮ್, ದೊರೆಗಳಿಗೆ ಹೇಳು, ಹುರುಳಿಕಾಯಿ ತಣ್ಣಗಾಗ್ತಿದೆ" ಅಂತ. ಭಾವ ಮಂಕಾದ. ಆದರೆ ಬಸ್ಸಿನ ಹಾರನ್ ಕೇಳಿದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಬಸ್ಸಿನಿಂದ ಒಬ್ಬ ಹೆಂಗಸು ಇಳಿದಳು. ಕತ್ತಿನ ತುಂಬ ಮುತ್ತು, ಹೆಗಲ ಮೇಲೆ ನರಿಯ ತುಪ್ಪಳ, ಕೈಯಲ್ಲಿ ದಂತದ ಹಿಡಿಯ ಕೊಡೆ. ಉಳಿದ ಪ್ರಯಾಣಿಕರು ತಾವಾಗಿ ದಾರಿ ಬಿಟ್ಟರು. ಅವಳು ನೇರವಾಗಿ ವರಾಂಡದ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾನು ಫಿಲಡೆಲ್ಫಿಯಾದ ಮಿಸೆಸ್ ಸ್ಯಾಟರ್‌ಫೀಲ್ಡ್. ನಮ್ಮ ಯಜಮಾನರು ತೀರಿಕೊಂಡಾಗ ನನಗೆ ಏಳು ಗಣಿ ಬಿಟ್ಟುಹೋದರು. ಈ ಬಂಗಲೆ ನನಗೆ ಬೇಕು. ಏನು ತಗೋತೀರಿ?"

ಬಸ್ಸಿನ ಜನ ಹೋ ಅಂದರು. ಭಾವ ಈವರೆಗೆ ಕೈ ಬೀಸಿದ್ದ, ಭಾಷಣ ಮಾಡಿದ್ದ. ಕೊಳ್ಳಲು ಬಂದವರಿಗೆ ಏನು ಹೇಳಬೇಕೆಂದು ಕರ್ನಲ್ ಹೇಳಿಕೊಟ್ಟಿರಲಿಲ್ಲ.

"ಅಮ್ಮಾವ್ರೇ, ಇದು ಮಾರೋದಕ್ಕಿಲ್ಲ. ಪೂರ್ವಿಕರ ಮನೆ" ಅಂದ, ಮೊನ್ನೆ ಬಣ್ಣ ಬಳಿದ ಕಂಬವನ್ನು ಸವರುತ್ತ.

"ಕೇಳಿದ ಎರಡು ಪಟ್ಟು ಕೊಡ್ತೀನಿ."

"ನಾನು ಇನ್ನೂ ಕೇಳೇ ಇಲ್ಲ!"

"ಹಾಗಾದರೆ ಮೂರು ಪಟ್ಟು!"

ಜನ ಚಪ್ಪಾಳೆ ಹೊಡೆದರು. ಇಬ್ಬರು ಆಗಲೇ ಸಹಿ ಹಾಕಲು ಕರ್ನಲ್‌ನ ಮೇಜಿನ ಕಡೆ ಓಡಿದರು. ಮಿಸೆಸ್ ಸ್ಯಾಟರ್‌ಫೀಲ್ಡ್ ವರಾಂಡ ಹತ್ತಿ ಭಾವನ ಪಕ್ಕದ ಕುರ್ಚಿಯಲ್ಲಿ ಕೂತಳು. ಕುರ್ಚಿ ಎಳೆದುಕೊಂಡಳು. ಇನ್ನೂ ಸ್ವಲ್ಪ ಎಳೆದುಕೊಂಡಳು.

"ದೊರೆಗಳದು ಉಕ್ಕು, ನಂದು ಕಲ್ಲಿದ್ದಲು" ಅಂದಳು ಕಣ್ಣು ಮಿಟುಕಿಸಿ. "ಎರಡೂ ಸೇರಿದರೆ ಬೆಂಕಿ ಚೆನ್ನಾಗಿ ಉರಿಯುತ್ತೆ."

ಭಾವನ ಕಿವಿ ಕೆಂಪಾಯಿತು. ಪಿಯಾನೋ ಮುಂದೆ ಕೂತಿದ್ದ ಅಕ್ಕನ ಕೈ ಗಾಳಿಯಲ್ಲೇ ನಿಂತಿತು. ಸಂಗೀತ ಮಾತ್ರ ನಿಲ್ಲಲಿಲ್ಲ. ಆಮೇಲೆ ಗ್ರಾಮಫೋನಿನ ಮುಳ್ಳು ಸಿಕ್ಕಿಕೊಂಡು "ಟೊಂಯ್ ಟಿಣ್, ಟೊಂಯ್ ಟಿಣ್" ಅಂತ ಒಂದೇ ತುಣುಕು ಸುತ್ತತೊಡಗಿತು. ಬೇರೆ ದಾರಿ ಕಾಣದೆ ಅಕ್ಕ ಪಿಯಾನೋದ ಅವೇ ಎರಡು ಕೀಗಳನ್ನು ಕುಟ್ಟುತ್ತ ಹೋದಳು, ಕಣ್ಣು ಮಾತ್ರ ಆ ನರಿ ತುಪ್ಪಳದ ಮೇಲೆ.

"ಒಳಗೆ ಒಂದು ಸಲ ನೋಡಬಹುದಾ?" ಅಂದಳು ಮಿಸೆಸ್ ಸ್ಯಾಟರ್‌ಫೀಲ್ಡ್.

"ಅಯ್ಯೋ, ನೆಲಕ್ಕೆ ಮೇಣ ಹಾಕಿದಾರೆ" ಅಂದ ಭಾವ.

"ಬೂಟು ಬಿಚ್ಚಿ ಬರ್ತೀನಿ."

"ನಮ್ಮ ಅತ್ತೆ ಮಲಗಿದಾರೆ."

"ಸದ್ದು ಮಾಡಲ್ಲ."

"ಅವರಿಗೆ ದಡಾರ!"

"ನನಗೆ ಚಿಕ್ಕಂದಿನಲ್ಲೇ ಆಗಿಹೋಗಿದೆ."

ನಾನು ಮಧ್ಯೆ ಬಾಯಿ ಹಾಕಿ, "ಕ್ಷಮಿಸಿ ದೊರೆ, ಕಾಲರ್ ಮೇಲೆ ಧೂಳು" ಅಂತ ಅವನ ಕತ್ತಿಗೆ ಬಾರಿಸಿದೆ. ಅಷ್ಟು ಹೊತ್ತಿಗೆ ಅಕ್ಕ ಪಿಯಾನೋ ಮುಚ್ಚಳವನ್ನು ಢಬ್ ಎಂದು ಮುಚ್ಚಿ ಎದ್ದಳು. ಟೊಂಯ್ ಟಿಣ್ ನಡೆದೇ ಇತ್ತು.

"ಬನ್ನಿ ಅಮ್ಮಾ, ಬನ್ನಿ. ದೊಡ್ಡವರು ಆಸೆಪಟ್ಟು ಬಂದಿದೀರಿ, ಬಾಗಿಲಲ್ಲೇ ನಿಲ್ಲಿಸೋದಾ?" ಅಂತ ಮುಂಬಾಗಿಲನ್ನು ಎರಡೂ ಕೈಯಲ್ಲಿ ತೆಗೆದಳು.

ಮಿಸೆಸ್ ಸ್ಯಾಟರ್‌ಫೀಲ್ಡ್ ಬಸ್ಸಿನ ಜನರ ಕಡೆ ತಿರುಗಿ, ಕೈ ಬೀಸಿ, ಹಿಂದೆ ನೋಡದೆ ಒಳಗೆ ಹೆಜ್ಜೆ ಇಟ್ಟಳು. ಹಲಗೆ ತಪ್ಪಿತು. ಮೊಣಕಾಲಿನವರೆಗೆ ಕೆಸರಿಗೆ ಇಳಿದಳು. ಎದುರಿಗೆ ಹಗ್ಗದ ಮೇಲೆ ಒಣಗುತ್ತಿದ್ದ ಭಾವನ ದೊಡ್ಡ ಒಳಚಡ್ಡಿಯನ್ನು ನೋಡಿ, ಫಿಲಡೆಲ್ಫಿಯಾದವರು ಯಾರೂ ಆಡದ ಧ್ವನಿಯಲ್ಲಿ ಕಿರುಚಿದಳು:

"ಎಲ್ಲಿ ಆ ಹಾಳು ಕರ್ನಲ್? ಕೆಸರಿಗೆ ಇಳೀಬೇಕು ಅಂತ ಮಾತಾಗಿರಲಿಲ್ಲ! ಇದಕ್ಕೆ ಬೇರೆ ಕೂಲಿ ಆಗುತ್ತೆ!"

ಆಗ ಗೊತ್ತಾಯಿತು. ಅವಳ ಹೆಸರು ಬರ್ತಾ. ಊರೂರು ತಿರುಗುವ ಒಂದು ನಾಟಕದ ಕಂಪನಿ ಮುಳುಗಿದ ಮೇಲೆ ಕೆಲಸ ಹುಡುಕುತ್ತಿದ್ದವಳನ್ನು ಕರ್ನಲ್ ಶ್ರೀಮಂತ ಗಿರಾಕಿಯ ಪಾತ್ರಕ್ಕೆ ಹಿಡಿದಿದ್ದ. ಅವಳಿಗೆ ನಮ್ಮ ವಿಷಯ ಹೇಳಿರಲಿಲ್ಲ, ನಮಗೆ ಅವಳ ವಿಷಯ ಹೇಳಿರಲಿಲ್ಲ.

"ಅಂದರೆ ನಿಮಗೆ ಗಣಿ ಇಲ್ವಾ?" ಅಂದ ಭಾವ, ಎದೆ ಒಡೆದವನ ಹಾಗೆ.

"ಅಂದರೆ ನಿನಗೆ ಉಕ್ಕು ಇಲ್ವಾ?" ಅಂದಳು ಅವಳು ಕೆಸರಿನಿಂದ. "ನಾನು ಮದುವೆ ಬಟ್ಟೆ ಯಾವುದು ಅಂತ ಯೋಚಿಸಿಬಿಟ್ಟಿದ್ದೆನಲ್ಲಪ್ಪಾ!"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗುತ್ತಲೇ ಕೈ ಕೊಟ್ಟು ಬರ್ತಾಳನ್ನು ಮೇಲೆಳೆದಳು. ಕಾಲು ಬಂತು, ಬೂಟು ಬರಲಿಲ್ಲ.

ಬಸ್ಸಿನ ಜನ ಮಾತ್ರ ನಗಲಿಲ್ಲ. ಎಲ್ಲರೂ ವರಾಂಡ ಹತ್ತಿ, ಬಾಗಿಲಿನಿಂದ ಇಣುಕಿ, ಡೇರೆ ನೋಡಿ, ಒಲೆ ನೋಡಿ, ಒಳಚಡ್ಡಿ ನೋಡಿ ನಿಂತರು. ನಾನು ಓಡಲು ದಾರಿ ಹುಡುಕುತ್ತಿದ್ದೆ. ಮುಂದೆ ನಿಂತವನು ಅಯೋವಾದಲ್ಲಿ ಹಂದಿ ಸಾಕುವ ಗಸ್ ಎಂಬ ಭಾರಿ ಆಳು. ಅವನು ಭಾವನ ಹತ್ತಿರ ಬಂದಾಗ ಇವನ ಮೂತಿಗೆ ಬಿತ್ತು ಅಂದುಕೊಂಡೆ.

"ಹಿಂದೆ ಏನೂ ಇಲ್ವಾ?" ಅಂದ ಗಸ್.

"ಇಲ್ಲ" ಅಂದ ಭಾವ. ಅವನು ತಿಂಗಳುಗಳಲ್ಲಿ ಆಡಿದ ಮೊದಲ ನಿಜ ಅದು.

ಗಸ್ ಗಡ್ಡ ಕೆರೆದುಕೊಂಡ. "ನನ್ನ ಹೆಂಡತಿ ಅಣ್ಣ ಒಬ್ಬ ಡೆಟ್ರಾಯಿಟ್‌ನಲ್ಲಿದಾನೆ. ಪ್ರತಿ ಕ್ರಿಸ್‌ಮಸ್‌ಗೆ ಅವನ ಮನೆ ಮುಂದೆ ನಿಂತ ಫೋಟೋ ಕಳಿಸ್ತಾನೆ. ಹೊಟ್ಟೆ ಉರೀತದೆ. ಫೋಟೋದಲ್ಲಿ ಹಿಂದುಗಡೆ ಕಾಣುತ್ತಾ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನನ್ನ ಬಟ್ಲರ್ ಕೋಟು ಎಲ್ಲಿ ಬಿತ್ತೋ, ನಾನು ಡೇರೆಗೆ ಹಾರಿ ಕ್ಯಾಮರಾ ಹೇಗೆ ತಂದೆನೋ ನೆನಪಿಲ್ಲ. ಭಾವ ತನ್ನ ಸೂಟಿನ ಕೋಟನ್ನು ಬಿಚ್ಚಿ ಗಸ್‌ಗೆ ತೊಡಿಸಿದ. "ಹೊಟ್ಟೆ ಮುಂದಕ್ಕೆ. ಗಲ್ಲ ಮೇಲೆ. ಎದುರಿಗಿರೋನು ನಿಮಗೆ ಬಾಡಿಗೆ ಕೊಡಬೇಕು ಅಂದುಕೊಳ್ಳಿ" ಅಂದ. ಗಸ್ ಗಲ್ಲ ಎತ್ತಿದ. ದೇವರಾಣೆ, ಆ ಹಂದಿ ಸಾಕುವವನು ರಾಜ್ಯಪಾಲನ ಹಾಗೆ ಕಂಡ. ನನ್ನ ಬದುಕಿನಲ್ಲಿ ನಾನು ತೆಗೆದ ಮೊದಲ ಒಳ್ಳೆಯ ಚಿತ್ರ ಅದೇ.

ಹಿಂದೆ ಸಾಲು ನಿಂತಿತು. ಬರ್ತಾ ಮುತ್ತು, ತುಪ್ಪಳ ಬಾಡಿಗೆಗೆ ಕೊಟ್ಟಳು. ಅಕ್ಕ ಸಾಲು ತಪ್ಪಿಸಿ ನುಗ್ಗಿದವರನ್ನು ಹಿಂದಕ್ಕೆ ತಳ್ಳಿದಳು. ಕರ್ನಲ್ ಕೆಂಪಗಾಗಿ ಓಡಿ ಬಂದ. ಸಾಲಿನ ಉದ್ದ ನೋಡಿ ಬೆಳ್ಳಗಾದ. ಸ್ವಲ್ಪ ಹೊತ್ತು ನಿಂತು ನೋಡಿ, ಕೊನೆಗೆ ಮೆತ್ತಗೆ, "ನಂದೂ ಒಂದು ತೆಗೀತೀರಾ? ನಮ್ಮಮ್ಮನಿಗೆ ಕಳಿಸಬೇಕು" ಅಂದ.

ಆಮೇಲಿನ ತಿಂಗಳುಗಳಲ್ಲಿ ಜಾಗ ಕೊಳ್ಳುವವರು ಕಮ್ಮಿಯಾದರು, ಫೋಟೋ ತೆಗೆಸಿಕೊಳ್ಳುವವರು ಹೆಚ್ಚಾದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕರ್ನಲ್ ಇರಲಿಲ್ಲ. ನಮ್ಮ ಫೋರ್ಡ್‌ನಲ್ಲೇ ಓಡಿಹೋಗಿದ್ದ. ಮುಂದೆ ಸೆಪ್ಟೆಂಬರಿನ ಬಿರುಗಾಳಿ ಬಂದಾಗ ಬಂಗಲೆಯೂ ಹೋಯಿತು. ನಮ್ಮ ಜೊತೆಗೇ ಉಳಿದಿದ್ದ ಬರ್ತಾ ಸೇರಿ ನಾವು ನಾಲ್ವರೂ ಊರೊಳಗಿನ ಶಾಲೆಯ ಕಟ್ಟಡದಲ್ಲಿ ಅಡಗಿದ್ದೆವು. ಗಾಳಿ ನಿಂತ ಮೇಲೆ ಬಂದು ನೋಡಿದರೆ ಗೋಡೆ ಇದ್ದ ಕಡೆ ಬರೀ ಆಕಾಶ. ಭಾವ ಟೋಪಿ ತೆಗೆದು ನಿಂತ. ಅವನ ಭುಜ ಕುಸಿದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಕ್ಕ ಅವನ ತೋಳು ಹಿಡಿದುಕೊಂಡಳು. "ಬಾ ಆರ್ಲೋ. ಈ ಬಂಗಲೇನ ಬಟ್ಟೆ ಮೇಲೆ ಬರೆಸೋಣ. ಅದಾದರೆ ಸುತ್ತಿ ಇಟ್ಟುಕೋಬಹುದು."

ಹಾಗೆ ನಾವು ಒಹಾಯೋದ ಟೊಲೀಡೊ ಊರಿಗೆ ಬಂದು ಫೋಟೋ ಅಂಗಡಿ ತೆರೆದೆವು. ಬರ್ತಾಗೆ ನಾಟಕದ ಪರದೆ ಬರೆಯುವವನೊಬ್ಬನ ಪರಿಚಯವಿತ್ತು. ಅವನು ದೊಡ್ಡ ಬಟ್ಟೆಯ ಮೇಲೆ ಗೋಪುರ, ಕಂಬ, ಬಾಲ್ಕನಿ ಎಲ್ಲ ಬರೆದುಕೊಟ್ಟ. ಅಂಗಡಿ ನಡೆಯಿತು. ಭಾರಿ ಏನಲ್ಲ, ಆದರೆ ಹುರುಳಿಕಾಯಿ ಜೊತೆ ಮಾಂಸವೂ ಬೇಯುವಷ್ಟು. ಬರ್ತಾ ನನ್ನನ್ನು ಮದುವೆಯಾದಳು. ಉಕ್ಕಿನ ದೊರೆ ಸಿಗಲಿಲ್ಲವೆಂದು ಬಟ್ಲರನ್ನು ಒಪ್ಪಿಕೊಂಡೆ ಅಂತ ಈಗಲೂ ಹಂಗಿಸುತ್ತಾಳೆ.

ಇಪ್ಪತ್ತೊಂಬತ್ತರಲ್ಲಿ ಷೇರು ಪೇಟೆ ಕುಸಿದು ದೊಡ್ಡ ದೊಡ್ಡವರೆಲ್ಲ ಬೀದಿಗೆ ಬಿದ್ದರಲ್ಲ, ಅದರ ಮರುವರ್ಷ ಒಬ್ಬ ತೆಳ್ಳಗಿನ ಮುದುಕ ಅಂಗಡಿಗೆ ಬಂದ. ಹೆಸರು ಪೆಂಡಲ್ಟನ್. ಗಾಜಿನ ಕಾರ್ಖಾನೆಗಳ ಒಡೆಯನಾಗಿದ್ದವನು, ಈ ಬಾರಿ ನಿಜವಾದ ಸಾಹುಕಾರ. ಮನೆ, ಕಾರ್ಖಾನೆ ಎಲ್ಲ ಹೋಗಿತ್ತು. ಒಂದು ಫೋಟೋ ಬೇಕು ಅಂದ. ಪರದೆ ಮುಂದೆ ನಿಂತ, ಆದರೆ ಭುಜ ಜೋತುಬಿದ್ದಿತ್ತು.

"ಹೇಗೆ ನಿಲ್ಲಬೇಕು ಅಂತ ಮರೆತೇಹೋಗಿದೆ" ಅಂದ.

ಭಾವ ಕೆಮ್ಮಿ, ಅವನ ಬೆನ್ನು ತಟ್ಟಿ, ಹೊಟ್ಟೆ, ಗಲ್ಲ, ಕಣ್ಣು ಒಂದೊಂದನ್ನೇ ಹೇಳಿಕೊಟ್ಟ. ಅರ್ಧ ದಿನ ಹಿಡಿಯಿತು. ನನ್ನ ಕೈ ಸೋತಿತು. ಚಿತ್ರ ಮುಗಿದ ಮೇಲೆ ಭಾವ ಅವನಿಂದ ಕಾಸು ತೆಗೆದುಕೊಳ್ಳದೆ ಊಟಕ್ಕೂ ಕೂರಿಸಿದ. ಪೆಂಡಲ್ಟನ್ ಅಕ್ಕನ ಹುರುಳಿಕಾಯಿಯನ್ನು ಮೂರು ಸಲ ಹಾಕಿಸಿಕೊಂಡ, ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದ, ಅಕ್ಕನ ಕೈಗೆ ಮುತ್ತು ಕೊಟ್ಟ. ಆಮೇಲೆ ಪ್ರತಿ ಭಾನುವಾರ ತಪ್ಪದೆ ಬರತೊಡಗಿದ.

"ನಾಳೆ ಅವನು ಬರ್ತಾನಾ?" ಅನ್ನುತ್ತಾಳೆ ಅಕ್ಕ ಪ್ರತಿ ಶನಿವಾರ, ದೊಡ್ಡ ಪಾತ್ರೆ ಕೆಳಗಿಳಿಸುತ್ತಾ. "ಕಾರ್ಖಾನೆ ಹೋಗಿದ್ದು ಷೇರಿಂದ ಅಲ್ಲ ಕಣೋ ಕ್ಲೆಮ್. ಈ ಮನುಷ್ಯ ತಿಂದೇ ಮುಗಿಸಿರಬೇಕು."